ಕೂಡಿ ಕಟ್ಟುವ ಸಾಮ್ರಾಜ್ಯ: ತಾಳಮದ್ದಳೆಯ ಬೆಳಕಿನಲ್ಲಿ ಅಂತರಜಾಲದ ಪಾತ್ರಧಾರಣೆಯ ಆಟ

1

ಹತ್ತಾರು ಜನರು ಬೇರೆ ಬೇರೆ ಊರುಗಳಲ್ಲಿ ಕುಳಿತು, ಅಂತರಜಾಲದ ಮೂಲಕ ಒಂದು ಕಲ್ಪಿತ ನಕ್ಷತ್ರ ಸಾಮ್ರಾಜ್ಯವನ್ನು ಮಾತಿನಿಂದಲೇ ಕಟ್ಟಿ ಆಳುವ ಆಟವೊಂದು ಇಂದು ಜಗತ್ತಿನ ಹಲವೆಡೆ ಪ್ರಚಲಿತದಲ್ಲಿದೆ. ಒಬ್ಬರು ಚಕ್ರವರ್ತಿ, ಇನ್ನೊಬ್ಬರು ದೂರದ ಗ್ರಹವೊಂದರ ಸಾಮಂತ, ಮತ್ತೊಬ್ಬರು ವರ್ತಕ ಅಥವಾ ಬಂಡುಕೋರ. ಪ್ರತಿಯೊಬ್ಬರೂ ತಮ್ಮ ಪಾತ್ರದ ನುಡಿಯನ್ನು ಬರೆಯುತ್ತಾರೆ. ಇದಿರಿನವರು ಪ್ರತಿನುಡಿ ಬರೆಯುತ್ತಾರೆ. ಕಥನವು ಯಾರೊಬ್ಬರ ಸ್ವತ್ತೂ ಆಗದೆ ಬೆಳೆಯುತ್ತದೆ. ಇದನ್ನು ಹದಿಹರೆಯದವರ ಕಾಲಹರಣವೆಂದು ಭಾವಿಸಿ ಬದಿಗಿಡುವುದು ನಮ್ಮ ವಿಭಾಗಗಳಲ್ಲಿ ಸಹಜವಾದ ಪ್ರತಿಕ್ರಿಯೆ. ಪ್ರಸ್ತುತ ಲೇಖಕನ ಮೊದಲ ಪ್ರತಿಕ್ರಿಯೆಯೂ ಅದೇ ಆಗಿತ್ತು.

ಆದರೆ ಆಗುಂಬೆಯ ಆಸುಪಾಸಿನ ಮಲೆನಾಡನ್ನು ಬಲ್ಲವರಿಗೆ ಈ ವರ್ಣನೆಯಲ್ಲಿ ಪರಿಚಿತವಾದುದೇನೋ ಕೇಳಿಸಬೇಕು. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಕುಳಿತಲ್ಲೇ ಒಬ್ಬರು ಕೌರವನಾಗುತ್ತಾರೆ, ಇನ್ನೊಬ್ಬರು ಕೃಷ್ಣನಾಗುತ್ತಾರೆ. ರಾಜ್ಯವನ್ನು ಕೊಡಬೇಕೇ ಬೇಡವೇ ಎಂಬುದು ಗಂಟೆಗಟ್ಟಲೆ ಮಾತಿನಲ್ಲಿ ಇತ್ಯರ್ಥಕ್ಕೆ ಬರುತ್ತದೆ. ತಾಳಮದ್ದಳೆ ಎಂಬ ಈ ಕಲೆಯು ಕೂಡಿ ಕಟ್ಟುವ ಕಥನದ ಅತ್ಯಂತ ಪಳಗಿದ ರೂಪಗಳಲ್ಲಿ ಒಂದು. ಅಂತರಜಾಲದ ಆಟವನ್ನು ಹೊಸದಾಗಿ ಹೂಡುವವರು ಎದುರಿಸುವ ಪ್ರಶ್ನೆಗಳಿಗೆ ತಾಳಮದ್ದಳೆಯ ಪರಂಪರೆಯಲ್ಲಿ ಯಾವ ಬಗೆಯ ಉತ್ತರಗಳಿವೆ, ಮತ್ತು ಆ ಆಟವು ನಮ್ಮ ಯಕ್ಷಗಾನ ಅಧ್ಯಯನದ ಒಂದು ದೊಡ್ಡ ಕೊರತೆಯನ್ನು ಹೇಗೆ ತೋರಿಸಿಕೊಡುತ್ತದೆ ಎಂಬುದನ್ನು ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಕಲ್ಪಿತ ಲೋಕವೊಂದನ್ನು ಹಲವರು ಕೂಡಿ ಕಟ್ಟುವುದು ಆಗುಂಬೆಗೆ ಇನ್ನೊಂದು ರೀತಿಯಲ್ಲಿಯೂ ಹೊಸತಲ್ಲ. ಆರ್.ಕೆ. ನಾರಾಯಣ್ ಅವರು 1935ರ ತಮ್ಮ ಮೊದಲ ಕಾದಂಬರಿಯಲ್ಲಿ ಹುಟ್ಟುಹಾಕಿದ ಮಾಲ್ಗುಡಿಯು, 1980ರ ದಶಕದಲ್ಲಿ ಶಂಕರ್ ನಾಗ್ ಅವರ ನಿರ್ದೇಶನದ ದೂರದರ್ಶನ ಧಾರಾವಾಹಿಗಾಗಿ ಕಣ್ಣಿಗೆ ಕಾಣುವ ಊರಾಗಿ ನಿಂತದ್ದು ಇಲ್ಲಿಯೇ. ಒಬ್ಬ ಲೇಖಕನ ಊರು ಅನೇಕ ಕೈಗಳ ಊರಾದಾಗ ಯಾವುದು ಉಳಿಯಬೇಕು, ಯಾವುದನ್ನು ಬದಲಿಸಬಹುದು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಚರ್ಚೆಯ ತಿರುಳೂ ಅದೇ ಪ್ರಶ್ನೆ.

2

ಬಯಲಾಟದ ಮೇಳಗಳ ತಿರುಗಾಟವು ಸ್ಥೂಲವಾಗಿ ನವೆಂಬರ್‌ನಿಂದ ಮೇ ತಿಂಗಳವರೆಗಿನದು. ಮಳೆ ಹಿಡಿದ ಮೇಲೆ ಬಯಲಿನಲ್ಲಿ ಆಟವಾಡುವಂತಿಲ್ಲ; ಆಗುಂಬೆಯಂತಹ ಊರಿನಲ್ಲಂತೂ ಬಯಲೆಂಬುದೇ ಇರುವುದಿಲ್ಲ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆ ಇರುತ್ತದೆ. ಆಗ ಕಲೆಯು ಮನೆಯ ಜಗುಲಿಗೆ, ದೇವಸ್ಥಾನದ ಪೌಳಿಗೆ ಸರಿಯುತ್ತದೆ. ತಾಳಮದ್ದಳೆ ಈಗ ಮಳೆಗಾಲಕ್ಕೆ ಮಾತ್ರ ಸೀಮಿತವಾಗಿಲ್ಲವಾದರೂ ಅದರ ಹದ ಮಳೆಗಾಲದ್ದೇ: ಹೊರಗೆ ಹೋಗಲಾಗದ ಜನರು ಒಂದೆಡೆ ಕೂಡಿ, ಇದ್ದಲ್ಲೇ ಬೇರೊಂದು ಲೋಕವನ್ನು ತಂದುಕೊಳ್ಳುವುದು. ಇದರ ಪ್ರಾಚೀನತೆಗೆ ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಸೋಮಸಮುದ್ರದ 1556ರ ಶಾಸನವನ್ನು ವಿದ್ವಾಂಸರು ಉಲ್ಲೇಖಿಸುತ್ತ ಬಂದಿದ್ದಾರೆ.

ಒಂದು ಕೂಟವನ್ನು ಹೂಡುವ ಬಗೆಯನ್ನು ಗಮನಿಸಬೇಕು. ಮೊದಲಿಗೆ ಪ್ರಸಂಗದ ಆಯ್ಕೆ; ಬಳಿಕ ಪಾತ್ರಗಳ ಹಂಚಿಕೆ; ಆಮೇಲೆ ಲಭ್ಯವಿರುವ ಸಮಯಕ್ಕೆ ತಕ್ಕಂತೆ ಪದ್ಯಗಳ ಆಯ್ಕೆ. ಪ್ರಸಂಗವೆಂಬುದು ಪದ್ಯಗಳ ಸರಣಿ. ಭಾಗವತರು ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಅದಕ್ಕೆ ಪಾತ್ರವಾಗಿ ನಿಂತು ಅರ್ಥ ಹೇಳುತ್ತಾನೆ. ಈ ‘ಅರ್ಥ’ ಬರೆದಿಟ್ಟದ್ದಲ್ಲ, ಆ ಕ್ಷಣದಲ್ಲಿ ಹುಟ್ಟುವಂಥದು. ನಾಲ್ಕು ಸಾಲಿನ ಪದ್ಯದಿಂದ ಅರ್ಧ ಗಂಟೆಯ ಪೀಠಿಕೆ ಹೊರಡಬಹುದು. ಎರಡೇ ಮಾತಿನಲ್ಲಿ ಮುಗಿಯಲೂಬಹುದು. ಮಾತು ದಾರಿ ತಪ್ಪಿದಾಗ ಅಥವಾ ಮಿತಿಮೀರಿದಾಗ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಆ ಎತ್ತುಗಡೆಯನ್ನು ಮೀರುವ ಅಧಿಕಾರ ಎಂಥ ಹಿರಿಯ ಅರ್ಥಧಾರಿಗೂ ಇಲ್ಲ.

ಇಲ್ಲಿ ಅಡಗಿರುವ ಬಹುಮುಖ್ಯ ಸಂಗತಿಯೆಂದರೆ ಫಲಿತಾಂಶವು ಮೊದಲೇ ನಿಶ್ಚಿತವಾಗಿರುವುದು. ವಾಲಿ ಎಷ್ಟೇ ಪ್ರಬಲವಾಗಿ ವಾದಿಸಿದರೂ ಸಾಯಲೇಬೇಕು. ಕೌರವನು ಸಂಧಾನಕ್ಕೆ ಒಪ್ಪುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ವಾಲಿ, ರಾವಣರನ್ನು ಕೇಳಲು ಜನ ರಾತ್ರಿಯಿಡೀ ಕುಳಿತದ್ದು ವಾಲಿ ಬದುಕಿಯಾನೆಂಬ ಕುತೂಹಲದಿಂದಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಏಕೆ ಎಂಬ ಪ್ರಶ್ನೆಯನ್ನು ಅಂದಿನ ವಾಲಿ ಎಲ್ಲಿಗೆ ಒಯ್ಯುತ್ತಾನೆ, ಅಂದಿನ ರಾಮ ಅದನ್ನು ಹೇಗೆ ತಾಳಿಕೊಳ್ಳುತ್ತಾನೆ ಎಂಬುದೇ ಅವರನ್ನು ಕೂರಿಸಿದ್ದು. ಸ್ಪರ್ಧೆಯು ಘಟನೆಯಿಂದ ಅರ್ಥಕ್ಕೆ ಸ್ಥಳಾಂತರಗೊಂಡಿದೆ. ಯುದ್ಧದಲ್ಲಿ ಸೋಲುವ ಪಾತ್ರಕ್ಕೆ ಮಾತಿನಲ್ಲಿ ಗೆಲ್ಲುವ ಪೂರ್ಣ ಅವಕಾಶವಿರುವುದರಿಂದಲೇ ಸೋಲುವ ಪಾತ್ರವನ್ನು ವಹಿಸಲು ಯಾರೂ ಹಿಂಜರಿಯುವುದಿಲ್ಲ. ನಿಜಕ್ಕೂ ಹಿರಿಯರು ಕೇಳಿ ಪಡೆಯುವುದು ಅಂಥ ಪಾತ್ರಗಳನ್ನೇ.

ಇನ್ನೊಂದು ಸೂಕ್ಷ್ಮವೂ ಇದೆ. ದೀರ್ಘವಾದ ಕೂಟಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ನಿರ್ವಹಿಸುವ ರೂಢಿಯುಂಟು: ಕರ್ಣನ ಪೂರ್ವಾರ್ಧ ಒಬ್ಬರದು, ಉತ್ತರಾರ್ಧ ಇನ್ನೊಬ್ಬರದು. ಎರಡನೆಯವರು ಮೊದಲನೆಯವರ ಮಾತಿಗೆ ಬದ್ಧರು. ಅವರು ಆಡಿದ್ದನ್ನು ಇವರು ಅಲ್ಲಗಳೆಯುವಂತಿಲ್ಲ. ಪಾತ್ರವು ವ್ಯಕ್ತಿಯ ಖಾಸಗಿ ಸ್ವತ್ತಲ್ಲವೆಂಬ ಈ ತಿಳಿವಳಿಕೆ ಅಂತರಜಾಲದ ಆಟಗಳಿಗೆ ಅತ್ಯಗತ್ಯವಾದುದು. ಅಲ್ಲಿ ಆಟಗಾರರು ನಡುವೆಯೇ ಮಾಯವಾಗುವುದು ನಿತ್ಯದ ಸಂಗತಿ.

3

ಪಾತ್ರಧಾರಣೆಯ ಆಟಗಳ ಆಧುನಿಕ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಿದರೆ ಸಾಕು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. 1977ರಲ್ಲಿ ಮಾರ್ಕ್ ಮಿಲ್ಲರ್ ಅವರ ‘ಟ್ರ್ಯಾವೆಲರ್’ ಬಂದಿತು. ಬಾಹ್ಯಾಕಾಶದ ಸಾಮ್ರಾಜ್ಯವನ್ನು ಆಟದ ಹಿನ್ನೆಲೆಯಾಗಿ ಬೆಳೆಸಿದವುಗಳಲ್ಲಿ ಇದು ಪ್ರಮುಖವಾದುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆಟದಲ್ಲಿ, ಗಣಕಯಂತ್ರಗಳ ಮುಂದೆ ಕುಳಿತ ಹಲವರು ಒಂದೇ ಕಲ್ಪಿತ ಲೋಕದೊಳಗೆ ಅಕ್ಷರಗಳ ಮೂಲಕ ಓಡಾಡಿದರು. ಅದಕ್ಕೂ ಮೊದಲು, 1960ರ ದಶಕದಲ್ಲಿಯೇ, ‘ಡಿಪ್ಲೊಮಸಿ’ ಎಂಬ ಸಾಮ್ರಾಜ್ಯಗಳ ಆಟವನ್ನು ಅಂಚೆಯ ಮೂಲಕ ಆಡುವುದು ಆರಂಭವಾಗಿತ್ತು.

ಇವುಗಳಲ್ಲಿ ಟ್ರ್ಯಾವೆಲರ್ ನಮಗೆ ವಿಶೇಷ ಪ್ರಸ್ತುತವಾದುದು. ಅದರ ಲೋಕದಲ್ಲಿ ನೌಕೆಗಳು ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯಬಲ್ಲವು, ಆದರೆ ಒಂದು ನೆಗೆತಕ್ಕೆ ಸುಮಾರು ಒಂದು ವಾರ ಬೇಕು. ಅದಕ್ಕಿಂತ ವೇಗವಾಗಿ ಸುದ್ದಿ ಕಳಿಸುವ ಬೇರೆ ಸಾಧನವಿಲ್ಲ. ಗಡಿಯಲ್ಲಿ ದಂಗೆಯೆದ್ದ ಸುದ್ದಿ ರಾಜಧಾನಿಗೆ ತಲುಪುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆದ್ದರಿಂದ ಚಕ್ರವರ್ತಿಯು ಸಾಮಂತರನ್ನು ನಂಬಲೇಬೇಕು, ಸಾಮಂತರು ಸ್ವತಂತ್ರವಾಗಿ ನಿರ್ಧರಿಸಲೇಬೇಕು. ಈ ಒಂದೇ ನಿಯಮದಿಂದ ಒಂದು ರಾಜಕೀಯ ವ್ಯವಸ್ಥೆ ಹುಟ್ಟುತ್ತದೆ. ಬರೆದು ಆಡುವ ಆಟಕ್ಕೆ ಇದರಿಂದ ಒಂದು ಪ್ರಾಯೋಗಿಕ ಲಾಭವೂ ಇದೆ. ಬರಹದ ಆಟದಲ್ಲಿ ಉತ್ತರ ಬರಲು ಎರಡು ದಿನವಾಗಬಹುದು, ಹತ್ತು ದಿನವೂ ಆಗಬಹುದು. ಲೋಕದ ನಿಯಮವೇ ಸುದ್ದಿ ತಡವಾಗುತ್ತದೆ ಎಂದಿದ್ದರೆ, ಆಟಗಾರನ ವಿಳಂಬವು ಕಥೆಯೊಳಗಿನ ದೂತನ ವಿಳಂಬವಾಗಿ ಮಾರ್ಪಡುತ್ತದೆ.

ಪಾಶ್ಚಾತ್ಯ ಮಾದರಿಯಲ್ಲಿ ಫಲಿತಾಂಶ ಅನಿಶ್ಚಿತ. ದಾಳ ಉರುಳುತ್ತದೆ, ಸೂತ್ರಧಾರ ತೀರ್ಪು ಕೊಡುತ್ತಾನೆ. ಅದರ ರೋಚಕತೆ ಅದಕ್ಕಿದೆ. ಆದರೆ ದಾಳವಿಲ್ಲದೆ, ಕೇವಲ ಬರಹದಿಂದ ಆಡುವಾಗ ಸಮಸ್ಯೆ ತಲೆದೋರುತ್ತದೆ. ಒಬ್ಬನು ‘ನನ್ನ ನೌಕಾಬಲ ನಿನ್ನ ಗ್ರಹವನ್ನು ಸುಟ್ಟುಹಾಕಿತು’ ಎಂದು ಬರೆದರೆ, ಇನ್ನೊಬ್ಬನು ‘ಇಲ್ಲ, ನಾನು ಮೊದಲೇ ರಕ್ಷಣೆಯನ್ನು ಹೂಡಿದ್ದೆ’ ಎನ್ನುತ್ತಾನೆ. ಮೂರನೆಯ ಸರದಿಗೆ ಕಥನ ನಿಂತು ಜಗಳ ಆರಂಭವಾಗುತ್ತದೆ. ಇಂಥ ಆಟಗಳು ಮುರಿದುಬೀಳಲು ಕಲ್ಪನೆಯ ಬಡತನ ಕಾರಣವಲ್ಲ. ಘಟನೆಯ ಮೇಲಿನ ಗೆಲುವನ್ನೂ ಮಾತಿನ ಮೇಲಿನ ಗೆಲುವನ್ನೂ ಬೇರ್ಪಡಿಸದಿರುವುದೇ ಕಾರಣವೆಂದು ತೋರುತ್ತದೆ. ತಾಳಮದ್ದಳೆಯು ಪ್ರಸಂಗವೆಂಬ ಸಾಧನದಿಂದ ಈ ಎರಡನ್ನೂ ಬೇರ್ಪಡಿಸಿಟ್ಟಿದೆ.

4

ಹಾಗಾದರೆ ಬಾಹ್ಯಾಕಾಶದ ಸಾಮ್ರಾಜ್ಯಕ್ಕೆ ಪ್ರಸಂಗವನ್ನು ಎಲ್ಲಿಂದ ತರುವುದು? ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂತಹ ಲೇಖಕರಿಂದ ಬೆಳೆದ ವೈಜ್ಞಾನಿಕ ಕಥಾಸಾಹಿತ್ಯವಿದೆ. ಆದರೆ ಆಟದ ಚೌಕಟ್ಟಿಗೆ ಬೇಕಾದುದು ಇನ್ನೂ ಹತ್ತಿರದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಲಕ್ಷ್ಮೀಶನ ಜೈಮಿನಿ ಭಾರತವನ್ನು ನೆನೆಯೋಣ. ಧರ್ಮರಾಯನ ಅಶ್ವಮೇಧದ ಕುದುರೆ ತನ್ನಷ್ಟಕ್ಕೆ ಅಲೆಯುತ್ತದೆ. ಅದು ಕಾಲಿಟ್ಟ ನೆಲದ ಅರಸನಿಗೆ ಎರಡೇ ದಾರಿ: ಬಿಟ್ಟು ಶರಣಾಗುವುದು, ಅಥವಾ ಕಟ್ಟಿ ಕಾದುವುದು. ಸುಧನ್ವ, ತಾಮ್ರಧ್ವಜ, ಬಭ್ರುವಾಹನ ಹೀಗೆ ಒಬ್ಬೊಬ್ಬರ ನೆಲದಲ್ಲಿಯೂ ಸಾಮ್ರಾಜ್ಯವೆಂದರೇನು ಎಂಬ ಪ್ರಶ್ನೆ ಹೊಸದಾಗಿ ಏಳುತ್ತದೆ. ಬಭ್ರುವಾಹನನಲ್ಲಿ ಅದು ತಂದೆ-ಮಗನ ಪ್ರಶ್ನೆ, ಸುಧನ್ವನಲ್ಲಿ ಭಕ್ತಿಯ ಪ್ರಶ್ನೆ. ಯಕ್ಷಗಾನದ ಪ್ರಸಂಗಕರ್ತರು ಈ ಕಥೆಗಳನ್ನು ಮತ್ತೆ ಮತ್ತೆ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಆಟದ ದೃಷ್ಟಿಯಿಂದ ಈ ವಿನ್ಯಾಸ ಅಚ್ಚುಕಟ್ಟಾದುದು: ಕುದುರೆಯ ದಾರಿಯನ್ನು ಯಾರೂ ನಿರ್ಧರಿಸುವುದಿಲ್ಲ, ಯಾಗ ಕೊನೆಗೆ ಪೂರ್ಣಗೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ನಡುವೆ ಸಾಮ್ರಾಜ್ಯದ ವೀರನೇ ಸತ್ತುಬೀಳಲೂಬಹುದು. ಕುದುರೆಯ ಬದಲು ಸಾರಥಿಯಿಲ್ಲದ ಒಂದು ನೌಕೆ ನಕ್ಷತ್ರಮಂಡಲಗಳ ನಡುವೆ ತೇಲಿಹೋಗುವುದನ್ನು ಊಹಿಸಿದರೆ ಸಾಕು, ಪ್ರಸಂಗ ಸಿದ್ಧವಾಗುತ್ತದೆ.

ಸಾಮ್ರಾಜ್ಯದ ಒಳರಚನೆಗೆ ಈ ಸೀಮೆಯ ಇತಿಹಾಸವೇ ಆಕರವಾಗಬಲ್ಲದು. ಹೊಸನಗರ ತಾಲೂಕಿನ ಹುಂಚದ ಸಾಂತರರು ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಮಹಾಮಂಡಲೇಶ್ವರರಾಗಿದ್ದರು. ವಿಜಯನಗರದ ಸಾಮಂತರಾಗಿ 1500ರ ಸುಮಾರಿಗೆ ತಲೆಯೆತ್ತಿದ ಕೆಳದಿಯ ಅರಸರು, 1565ರ ಬಳಿಕ ಕೇಂದ್ರವು ಕುಸಿದಂತೆ ಸ್ವತಂತ್ರರಾಗುತ್ತ ಹೋಗಿ 1763ರವರೆಗೆ ಉಳಿದರು. ಅವರ ರಾಜಧಾನಿ ಸಾಗರ ತಾಲೂಕಿನ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಹೊಸನಗರ ತಾಲೂಕಿನ ಬಿದನೂರಿಗೆ ಸರಿಯಿತು. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗ ಅವರ ಬಲವಾದ ಕೋಟೆ. ರಾಜಧಾನಿ ಬದಲಾದ ಮೇಲೂ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರೇ ಉಳಿಯಿತೆಂಬಂಥ ವಿವರಗಳು ಕಲ್ಪಿತ ಲೋಕಕ್ಕೆ ಜೀವ ತುಂಬುತ್ತವೆ. ಮಂಡಲ, ಸಾಮಂತ, ದಂಡನಾಯಕ, ಸಂಧಿವಿಗ್ರಹಿ ಮುಂತಾದ ಪದಗಳು ನಮ್ಮ ಶಾಸನಗಳಲ್ಲಿಯೇ ಇರುವಾಗ ನಕ್ಷತ್ರ ಸಾಮ್ರಾಜ್ಯದ ಅಧಿಕಾರಿಗಳಿಗೆ ಇಂಗ್ಲಿಷಿನ ಬಿರುದುಗಳನ್ನು ಹೊದಿಸುವ ಅಗತ್ಯವಿಲ್ಲ.

ನಿಯಮಗಳನ್ನು ರೂಪಿಸುವ ಕ್ರಮಕ್ಕೂ ಇಲ್ಲೊಂದು ನಿದರ್ಶನವಿದೆ. ಹದಿನೇಳನೆಯ ಶತಮಾನದ ಶಿವಪ್ಪನಾಯಕನ ಭೂಕಂದಾಯದ ಏರ್ಪಾಡು ‘ಶಿಸ್ತು’ ಎಂದೇ ಹೆಸರಾದುದು. ನೆಲದ ಪ್ರತಿಯೊಂದು ದರ್ಜೆಯಿಂದ ಒಂದೊಂದು ಹೊಲವನ್ನು ಆರಿಸಿ, ಅರಮನೆಯ ಖರ್ಚಿನಲ್ಲಿ 12 ವರ್ಷ ಬೇಸಾಯ ಮಾಡಿಸಿ, ಬೀಜ, ವೆಚ್ಚ, ಫಸಲುಗಳ ಲೆಕ್ಕವಿಟ್ಟು ಆಮೇಲೆ ಕಂದಾಯವನ್ನು ನಿಗದಿಪಡಿಸಲಾಯಿತೆಂದು ಚರಿತ್ರಕಾರರು ದಾಖಲಿಸಿದ್ದಾರೆ. ನಿಯಮವನ್ನು ಮೊದಲು ಬರೆದು ನೆಲದ ಮೇಲೆ ಹೇರುವ ಬದಲು ನೆಲದಲ್ಲಿ ಪ್ರಯೋಗಿಸಿ ನಿಯಮವನ್ನು ಕಂಡುಕೊಂಡ ಕ್ರಮವಿದು. ಆಟ ಹೂಡುವವರು ನೂರು ಪುಟಗಳ ನಿಯಮಾವಳಿ ಬರೆಯುವ ಮೊದಲು, ಮೂರೇ ಪಾತ್ರಗಳೊಂದಿಗೆ ಒಂದು ಸಣ್ಣ ಪ್ರಸಂಗವನ್ನು ಆಡಿನೋಡಬೇಕು. ಹನ್ನೆರಡು ವರ್ಷ ಬೇಡ, ಹನ್ನೆರಡು ದಿನ ಸಾಕು.

5

2020ರ ಸಂಚಾರ ನಿರ್ಬಂಧದ ದಿನಗಳಲ್ಲಿ ತಾಳಮದ್ದಳೆಯೂ ಅಂತರಜಾಲವನ್ನು ಆಶ್ರಯಿಸಿತು. ಪ್ರೇಕ್ಷಕರು ದೂರದಲ್ಲಿದ್ದು ಕಲಾವಿದರು ಒಂದೆಡೆ ಕೂಡಿದಾಗ ಅಂಥ ತೊಡಕಿಲ್ಲ. ಕಲಾವಿದರೇ ಚದುರಿದ್ದರೆ ಕಷ್ಟ. ಧ್ವನಿಯು ಅರೆ ಕ್ಷಣ ತಡವಾದರೂ ಭಾಗವತರ ಹಾಡು ಮತ್ತು ಮದ್ದಳೆಯ ಪೆಟ್ಟು ಕೂಡುವುದಿಲ್ಲ. ಆದುದರಿಂದ ಹಿಮ್ಮೇಳ ಒಂದೇ ಜಾಗದಲ್ಲಿರಲೇಬೇಕು. ಮುಮ್ಮೇಳವನ್ನು ಹೇಗೋ ಹಂಚಬಹುದು. ಆದರೆ ಮಾತಿನ ನಡುವೆ ಇದಿರಾಳಿ ಹಾಕುವ ಒಂದು ‘ಹೌದೇ?’ ಎಂಬ ಕೊಕ್ಕೆ ತಡವಾಗಿ ತಲುಪಿದರೆ ಅದರ ಮೊನೆ ಮುರಿದಿರುತ್ತದೆ. ಇನ್ನು ಮಲೆನಾಡಿನ ಹಳ್ಳಿಗಳ ಸಂಪರ್ಕದ ಪಾಡು ಎಲ್ಲರಿಗೂ ತಿಳಿದುದೇ. ಮೊಬೈಲ್ ಸಂಪರ್ಕ ಸಿಗದೆ ಮತದಾನವನ್ನೇ ಬಹಿಷ್ಕರಿಸುತ್ತೇವೆಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗರು 2021ರಲ್ಲಿ ಅಭಿಯಾನ ಹೂಡಬೇಕಾಯಿತು. ಗುಡ್ಡ ಹತ್ತಿ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಚಿತ್ರ-ಧ್ವನಿಗಳ ಆಟವನ್ನು ಸೂಚಿಸುವುದು ಅಣಕವಾದೀತು.

ಬರಹದ ಆಟಕ್ಕೆ ಈ ತೊಂದರೆಯಿಲ್ಲ. ಮಳೆ ಬಿಟ್ಟಾಗ, ಸಂಪರ್ಕ ಸಿಕ್ಕಾಗ, ಬರೆದದ್ದನ್ನು ಕಳಿಸಿದರಾಯಿತು. ಮಾತಿನ ಬಿಸಿ ಅಲ್ಲಿ ಇಲ್ಲವೆಂಬುದನ್ನು ಒಪ್ಪಬೇಕು. ಬರೆಯುವವನಿಗೆ ಯೋಚಿಸಲು ಸಮಯವಿದೆ, ಗ್ರಂಥ ತೆರೆದು ನೋಡಲು ಅವಕಾಶವಿದೆ. ಆಶುತ್ವವೆಂಬ ತಾಳಮದ್ದಳೆಯ ಜೀವಾಳ ಅಲ್ಲಿ ಅರ್ಧವಾಗುತ್ತದೆ. ಆದರೆ ಬರಹದ ಆಟವು ತಾನು ನಡೆದ ದಾರಿಯ ಪೂರ್ಣ ದಾಖಲೆಯನ್ನು ತಾನೇ ಉಳಿಸುತ್ತದೆ. ಯಾವ ಮಾತಿಗೆ ಯಾವ ಪ್ರತಿಮಾತು ಹುಟ್ಟಿತು, ಸೂತ್ರಧಾರ ಎಲ್ಲಿ ತಡೆದ, ಪಾತ್ರವೊಂದು ಎಲ್ಲಿ ತಿರುಗಿತು ಎಂಬುದೆಲ್ಲ ಅಲ್ಲಿ ಇದ್ದ ಹಾಗೇ ಇರುತ್ತದೆ.

ನಮ್ಮ ಅಧ್ಯಯನದ ಕೊರತೆ ಇಲ್ಲಿಯೇ ಗೋಚರಿಸುವುದು. ಪ್ರಸಂಗಗಳ ಪಠ್ಯವನ್ನು ನಾವು ಸಂಪಾದಿಸಿದ್ದೇವೆ, ಕರ್ತೃವನ್ನೂ ಕಾಲವನ್ನೂ ಚರ್ಚಿಸಿದ್ದೇವೆ. ಅರ್ಥಧಾರಿಯೂ ವಿದ್ವಾಂಸರೂ ಆದ ಡಾ. ಎಂ. ಪ್ರಭಾಕರ ಜೋಶಿಯವರಂಥವರು ಅರ್ಥಗಾರಿಕೆಯ ಮೀಮಾಂಸೆಗೆ ಅಡಿಪಾಯ ಹಾಕಿದ್ದಾರೆ. ಆದರೂ ಪದ್ಯ ಉಳಿದು ಅರ್ಥ ಕಳೆದುಹೋಗುವುದು ತಪ್ಪಿಲ್ಲ. ಧ್ವನಿಮುದ್ರಿತವಾದ ಕೂಟಗಳಿವೆ, ಆದರೆ ಅವುಗಳನ್ನು ಸಾಲು ಸಾಲಾಗಿ ಲಿಪ್ಯಂತರಿಸಿ, ಒಂದೇ ಪ್ರಸಂಗದ ಹತ್ತು ಕೂಟಗಳನ್ನು ಎದುರುಬದುರಿಟ್ಟು ನೋಡುವ ಕೆಲಸ ವಿಭಾಗಗಳ ಸಂಶೋಧನೆಯ ನಿತ್ಯಕ್ರಮವಾಗಿ ನೆಲೆಗೊಳ್ಳಬೇಕಾಗಿದೆ. ಒಂದು ಪದ್ಯಕ್ಕೆ ಹತ್ತು ಅರ್ಥಧಾರಿಗಳು ಕೊಟ್ಟ ಹತ್ತು ಅರ್ಥಗಳು ಕನ್ನಡ ಗದ್ಯದ ಚರಿತ್ರೆಯ ಭಾಗವಲ್ಲವೇ? ಕೂಡಿ ಕಟ್ಟುವ ಕಥನದ ನಡೆಯನ್ನು ವಿಶ್ಲೇಷಿಸುವ ಪರಿಭಾಷೆಯನ್ನು ದಾಖಲೆ ಸಮೃದ್ಧವಾಗಿರುವ ಬರಹದ ಆಟದಲ್ಲಿ ರೂಢಿಸಿಕೊಂಡು, ಅದನ್ನು ಧ್ವನಿಮುದ್ರಿತ ಕೂಟಗಳಿಗೆ ಅನ್ವಯಿಸಬಹುದೆಂಬುದು ಪ್ರಸ್ತುತ ಲೇಖಕನ ಸೂಚನೆ.

6

ವಿಭಾಗವೊಂದು ಇದನ್ನು ಹೂಡುವುದಾದರೆ ಹೆಚ್ಚಿನ ಸಾಮಗ್ರಿ ಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಆರೇಳು ಮಂದಿ, ಭಾಗವತರ ಸ್ಥಾನದಲ್ಲಿ ಒಬ್ಬ ಅಧ್ಯಾಪಕ ಸಾಕು. ಅಧ್ಯಾಪಕನು ಇಪ್ಪತ್ತು-ಇಪ್ಪತ್ತೈದು ‘ಪದ್ಯ’ಗಳನ್ನು ಸಿದ್ಧಪಡಿಸುತ್ತಾನೆ. ಅವು ಛಂದೋಬದ್ಧವಾಗಿರಬೇಕಾಗಿಲ್ಲ (ಷಟ್ಪದಿಯಲ್ಲಿ ಬರೆಯಬಲ್ಲವರಿದ್ದರೆ ಸಂತೋಷವೇ). ನಡೆದೇ ತೀರುವ ಘಟನೆಗಳನ್ನು ಎರಡೆರಡು ಸಾಲಿನಲ್ಲಿ ಹೇಳಿದರಾಯಿತು. ನೌಕೆಯು ಮೂರನೆಯ ಮಂಡಲವನ್ನು ಹೊಕ್ಕಿತು. ಮಂಡಲೇಶ್ವರನು ಅದನ್ನು ತಡೆದನು. ಚಕ್ರವರ್ತಿಯ ದೂತ ಬಂದನು. ಏನು ನಡೆಯಿತೆಂಬುದು ಪದ್ಯದ ಅಧಿಕಾರ, ಏಕೆ ನಡೆಯಿತು ಮತ್ತು ಅದು ಸರಿಯೇ ಎಂಬುದು ಆಟಗಾರನ ಅಧಿಕಾರ. ಇದಿರಾಳಿ ಒಮ್ಮೆ ಸ್ಥಾಪಿಸಿದ ಸಂಗತಿಯನ್ನು ಅಲ್ಲಗಳೆಯಕೂಡದು, ಅದರ ಅರ್ಥವನ್ನು ತಿರುಗಿಸಬಹುದು. ಯಾರಾದರೂ ಗೊತ್ತುಪಡಿಸಿದ ದಿನಗಳೊಳಗೆ ಬರೆಯದಿದ್ದರೆ ಪಾತ್ರದ ಉತ್ತರಾರ್ಧವು ಇನ್ನೊಬ್ಬರಿಗೆ ಸಲ್ಲುತ್ತದೆ.

ಒಂದು ಎಚ್ಚರಿಕೆ ಅಗತ್ಯ. ತಾಳಮದ್ದಳೆಯಲ್ಲಿ ಪಾತ್ರಗಳ ಸಂವಾದವು ವ್ಯಕ್ತಿಗಳ ಮೇಲಾಟಕ್ಕೆ ಇಳಿದಾಗ ಕೂಟ ಕೆಡುತ್ತದೆಂಬುದು ಬಲ್ಲವರ ಹಳೆಯ ದೂರು. ಅಲ್ಲಿ ಸಭೆಯೇ ಎದುರಿಗಿರುವುದರಿಂದ ಒಂದು ಹಿಡಿತವುಂಟು. ಬರಹದ ಆಟಕ್ಕೆ ಸಭೆಯಿಲ್ಲ. ಆದ್ದರಿಂದ ಆಡದೆ ಓದುವ ಇಬ್ಬರು ಮೂವರನ್ನಾದರೂ ಸಭೆಯ ಸ್ಥಾನದಲ್ಲಿ ಇರಿಸುವುದು ಒಳಿತು. ದಾಖಲೆಯನ್ನು ಆರಂಭದಿಂದಲೇ ಯುನಿಕೋಡ್ ಅಕ್ಷರಗಳಲ್ಲಿ, ಸರದಿಯ ಸಂಖ್ಯೆ ಮತ್ತು ದಿನಾಂಕಗಳೊಂದಿಗೆ ಇಡಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಈಗ ತೆರೆದರೆ ಏನು ಕಾಣುತ್ತದೆಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತು. ಆರಂಭಕ್ಕೆ ಆಷಾಢ ಸೂಕ್ತ ಕಾಲ. ಆಗ ಬಯಲಾಟದ ತಿರುಗಾಟ ನಿಂತಿರುತ್ತದೆ, ಅರ್ಥಧಾರಿಗಳು ಸಿಗುತ್ತಾರೆ. ವಿದ್ಯಾರ್ಥಿಗಳು ತಮ್ಮ ಮೊದಲ ಸರದಿಯನ್ನು ಬರೆಯುವ ಮೊದಲು ತೀರ್ಥಹಳ್ಳಿಯದೋ ಸಾಗರದ ಕಡೆಯದೋ ಒಂದು ಕೂಟವನ್ನು ಪೂರ್ತಿಯಾಗಿ ಕುಳಿತು ಕೇಳಿ ಬರಬಹುದು.